ಶನಿವಾರ ಏರಿ ಸೋಮವಾರ ಇಳಿಯುವ ಗೆರೆಯ ಮೇಲೊಂದು ದೂರು

ದಾವಣಗೆರೆ,
ಜೂನ್ ೧೯೬೩

ಮೈತುಂಬ ಹಸಿರು ಚೌಕಗಳನ್ನು ಹೊದ್ದು ಶೋಭಿಸುತ್ತಿರುವ, ವಿದ್ಯಾರ್ಥಿನಿಯರ ಕಣ್ಣು ತೆರೆಸುವ, ಹೆತ್ತವರ ಮಾನ ಕಳೆಯುವ ಶ್ರೀಮಾನ್ ಗ್ರಾಫ್ ಕಾಗದದವರ ಸನ್ನಿಧಾನಕ್ಕೆ, ಶೇಂಗಾ ಮಂಡಿಯ ಮುರುಗೇಶಪ್ಪನು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯ ನನಗಿಲ್ಲ. ನಮ್ಮ ನಡುಮನೆಯ ಗೋಡೆಗೆ ಮೊಳೆ ಹೊಡೆಸಿಕೊಂಡು, ನಮ್ಮ ತಂದೆಯವರ ಫೋಟೋಕ್ಕಿಂತ ಒಂದು ಗೇಣು ಮೇಲೆಯೇ ವಿರಾಜಮಾನರಾಗಿ, ಬಂದವರಿಗೆಲ್ಲ ದರ್ಶನ ಕೊಡುತ್ತಿರುವುದನ್ನು ದಿನವೂ ಕಾಣುತ್ತಿದ್ದೇನೆ. ಈ ಪತ್ರವನ್ನು ಗುಟ್ಟಾಗಿ ಬರೆದು ತಮ್ಮ ಬೆನ್ನಿಗೆ ಅಂಟಿಸಬಹುದಾಗಿತ್ತು. ಆದರೆ ನನ್ನ ವಿಷಯದಲ್ಲಿ ಗುಟ್ಟೆಂಬುದೇ ಊರಿನಲ್ಲಿ ಉಳಿಯದಂತೆ ತಾವು ಶ್ರಮವಹಿಸಿರುವುದರಿಂದ, ನಾನೂ ನಾಲ್ಕು ಜನ ಓದಲೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ನನ್ನ ಮಗಳು ಉಮಾಮಹೇಶ್ವರಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬೇಕೋ, ಇಲ್ಲ ಅದಕ್ಕೆ ಮೊದಲೇ ಹಸೆಮಣೆಯ ಮೇಲೆ ಕೂರಬೇಕೋ ಎಂಬುದು ತಂದೆಯಾದ ನಾನು ತೀರ್ಮಾನಿಸಬೇಕಾಗಿದ್ದ ವಿಷಯವಾಗಿತ್ತು. ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ತೀರ್ಮಾನಿಸಿದವರು ತಾವು. ಇದೇ ನನ್ನ ದೂರು.

ಹೊಸದನ್ನು ಕಂಡರೆ ಉರಿದುಬೀಳುವ ಮನುಷ್ಯ ನಾನಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಸೇರು ಹೋಗಿ ಕಿಲೋ ಬಂತು, ಸುಮ್ಮನಿದ್ದೆ. ಆಣೆ ಹೋಗಿ ನಯಾಪೈಸೆ ಬಂತು, ಗೊಣಗಿಕೊಂಡು ಸುಮ್ಮನಾದೆ. ಮೈಲಿ ಹೋಗಿ ಕಿಲೋಮೀಟರು ಬಂದಾಗ ಆವರಗೆರೆ ನಮ್ಮೂರಿನಿಂದ ದೂರ ಹೋಯಿತೋ ಹತ್ತಿರ ಬಂತೋ ಗೊತ್ತಾಗದೆ ಆಗಲೂ ಬಾಯಿ ಮುಚ್ಚಿಕೊಂಡಿದ್ದೆ. ಆದರೆ ಸರ್ಕಾರಕ್ಕೇ ಹೊಳೆಯದಿದ್ದ ಒಂದು ಅಳತೆಯನ್ನು ತಾವು ಜಾರಿಗೆ ತಂದಿರಿ. ನನ್ನ ಸಿಟ್ಟನ್ನು ಅಳೆದಿರಿ.

ಇದರಲ್ಲಿ ತಮ್ಮ ಏಜೆಂಟರಂತೆ ಕೆಲಸ ಮಾಡಿದವರು ಹೆಣ್ಣುಮಕ್ಕಳ ಶಾಲೆಯ ಗಣಿತದ ಮೇಷ್ಟ್ರು, ಕೊಕ್ಕನೂರಿನ ಅಂಜಿನಪ್ಪನವರು. ಬಲು ಸಾಧು, ಸೈಕಲ್ಲಿಗೂ ನೋವಾಗದಂತೆ ತುಳಿಯುವವರು. ಸಂಖ್ಯಾಶಾಸ್ತ್ರದ ಪಾಠಕ್ಕೆಂದು ಪುಸ್ತಕದಲ್ಲಿದ್ದ ಯಾವುದೋ ದೇಶದ ಮಳೆ, ಯಾವುದೋ ಕಾರ್ಖಾನೆಯ ಉಕ್ಕು ಇವುಗಳ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದರೆ ಹುಡುಗಿಯರು ಸಾಲಾಗಿ ತೂಕಡಿಸುತ್ತಿದ್ದರಂತೆ. ಅದಕ್ಕೆ ಅವರು, 'ನಿಮ್ಮ ನಿಮ್ಮ ಮನೆಯಾಗ ದಿನಾ ಏರಿಳಿಯೋದು ಏನೈತೆ ನೋಡಿಕೊಂಡು ಬರ್ರಿ, ಅದನ್ನ ಗ್ರಾಫಿಗೆ ಹಾಕೋಣ' ಎಂದರಂತೆ. ಮಿಕ್ಕ ಹುಡುಗಿಯರು ಮರ್ಯಾದಸ್ಥರು. ಒಬ್ಬಳು ಎಮ್ಮೆಯ ಹಾಲು ಅಳೆದಳು, ಒಬ್ಬಳು ಬಾವಿಯ ನೀರಿಗೆ ಹಗ್ಗ ಬಿಟ್ಟಳು. ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ, ಇರುವುದು ನಲ್ಲಿ. ಏರಿಳಿಯುವ ಪದಾರ್ಥ ಬೇರೊಂದೂ ಕಾಣಿಸಲಿಲ್ಲವೆಂದು ನಮ್ಮ ಉಮಾ ಅಪ್ಪನ ಸಿಟ್ಟನ್ನು ಎತ್ತಿಕೊಂಡಳು.

ಸಿಟ್ಟನ್ನು ಯಾವ ತಕ್ಕಡಿಯಲ್ಲಿ ತೂಗಿದಳೆಂದು ತಾವು ಬಲ್ಲಿರಿ, ಓದುವ ಮಹಾಜನರಿಗೆ ಗೊತ್ತಿರಲಿಕ್ಕಿಲ್ಲ. ನನ್ನ ದನಿ ಎಲ್ಲಿಯವರೆಗೆ ಕೇಳಿಸಿತೋ ಅದೇ ಅವತ್ತಿನ ಅಳತೆ. ನಡುಮನೆಗಷ್ಟೇ ಕೇಳಿಸಿದರೆ ತಳದ ಗೀಟು. ಅದರ ಮೇಲೆ ಅಡುಗೆಮನೆ, ಅದರ ಮೇಲೆ ಹಿತ್ತಲು, ಅದರ ಮೇಲೆ ಎದುರುಸಾಲಿನ ಮಂಡಿಗಳು, ಎಲ್ಲಕ್ಕೂ ಮೇಲೆ ರೈಲ್ವೆ ಗೇಟು. ದಿನಕ್ಕೊಂದು ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಗೆರೆ. ಗೇಟಿನವರೆಗೆ ಕೇಳಿಸಿತೆಂದು ಮನೆಯೊಳಗೆ ಕೂತವಳಿಗೆ ಹೇಗೆ ಗೊತ್ತಾಯಿತೆಂದು ವಿಚಾರಿಸಿದಾಗ, ಗೇಟು ಕಾಯುವವನು ನಮ್ಮ ಹಮಾಲಿ ಮಸ್ತಾನಸಾಬನ ಸ್ನೇಹಿತನೆಂದೂ, ದಿನವೂ ಸಂಜೆ ವರದಿ ಬರುತ್ತಿತ್ತೆಂದೂ ತಿಳಿಯಿತು. ನನ್ನ ಉಪ್ಪು ತಿಂದ ಮಸ್ತಾನಸಾಬ!

ಈಗ ಶಾಲೆಯ ವಾರ್ಷಿಕೋತ್ಸವದ ಸಂಗತಿಗೆ ಬರುತ್ತೇನೆ. ಶಾಲೆಗೆ ಬೆಂಚು ಮಾಡಿಸಿಕೊಟ್ಟಿದ್ದೆನೆಂದು ನನ್ನನ್ನೇ ಮುಖ್ಯ ಅತಿಥಿಯಾಗಿ ಕರೆದಿದ್ದರು. ಗಣಿತ ಪ್ರದರ್ಶನದ ಕೋಣೆಗೆ ಕರೆದೊಯ್ದು ಗೋಡೆಯ ಮೇಲಿದ್ದ ತಮ್ಮೆದುರು ನಿಲ್ಲಿಸಿ, ನಾಲ್ಕು ಮಾತಾಡಿರೆಂದರು. ಮನೆಯಿಂದ ಹೊರಡುವಾಗ ಯಾರ ಮೇಲೋ ರೇಗಿ ಕನ್ನಡಕವನ್ನು ಮಂಚದ ಮೇಲೆಯೇ ಬಿಟ್ಟು ಬಂದಿದ್ದೆ. ಬದಿಯಲ್ಲಿ ಸಣ್ಣಕ್ಷರದಲ್ಲಿ ಏನು ಬರೆದಿದ್ದರೋ ಕಾಣಲಿಲ್ಲ, ಕಂಡದ್ದು ಗೆರೆಯೊಂದೇ. ಮೂವತ್ತು ವರ್ಷದಿಂದ ಮಂಡಿಯಲ್ಲಿ ಕೂತವನ ಕಣ್ಣಿಗೆ ಹಾಗೆ ಏರಿಳಿಯುವುದೆಲ್ಲ ಶೇಂಗಾ ಧಾರಣೆಯಂತೆಯೇ ಕಾಣಿಸುತ್ತದೆ, ಅದರಲ್ಲಿ ನನ್ನ ತಪ್ಪೇನು? ಗಂಟಲು ಸರಿಮಾಡಿಕೊಂಡು, ನೆರೆದ ತಾಯಂದಿರೂ ಮಹನೀಯರೂ ಕೇಳುವಂತೆ ಹೇಳಿದೆ: 'ಇದು ಬಲು ಗಟ್ಟಿ ಮಾಲು. ಸೋಮವಾರ ಬಿದ್ದರೂ ಎದೆಗುಂದದೆ ಶನಿವಾರಕ್ಕೆ ಹೆಂಗೆ ಎದ್ದು ನಿಂತೈತೆ ನೋಡ್ರಿ. ಇಂಥಾ ಮಾಲು ಮನೆಯಾಗ ಇಟ್ಟುಕೊಂಡವರು ಪುಣ್ಯವಂತರು. ಇದು ಇನ್ನೂ ಮ್ಯಾಲಕ್ಕೆ ಹೋಗಲಿ, ಆ ಸೋಮವಾರದ ಕುಸಿತ ಒಂದು ನಿಂತುಬಿಟ್ರೆ ಈ ಮನೆಗೆ ಯಾವ ಕೊರತೆಯೂ ಇರಲ್ಲ.'

ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನನ್ನ ಮಾತಿನ ಚಮತ್ಕಾರಕ್ಕೇ ನಗುತ್ತಿದ್ದಾರೆಂದು ತಿಳಿದು ನಾನು ಇನ್ನಷ್ಟು ಉಬ್ಬಿ, ಅದೇ ಮಾತನ್ನು ತಿರುಗಿಸಿ ಹೇಳಿದೆ. ಹೆಂಗಸರ ಸಾಲಿನಲ್ಲಿ ನನ್ನ ಧರ್ಮಪತ್ನಿ ಮರುಳಸಿದ್ದಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು. ಹೆಮ್ಮೆಯಿಂದ ಕಣ್ಣೀರು ಬಂದಿದೆಯೆಂದುಕೊಂಡೆ. ಹಾರ ಹಾಕಿಸಿಕೊಂಡು ಜಟಕಾ ಹತ್ತಿದ ಮೇಲೆ ಮಸ್ತಾನಸಾಬ ಮೆಲ್ಲಗೆ ಬಾಯಿ ಬಿಟ್ಟ: 'ಸಾವ್ಕಾರ್ರ, ಸಿಟ್ಟಾಗಬ್ಯಾಡ್ರಿ. ಅದು ಶೇಂಗಾ ಅಲ್ರಿ, ನೀವೇ ರೀ.'

ಅವತ್ತಿನ ಚುಕ್ಕೆ ಎಲ್ಲಿ ಬಿತ್ತೆಂದು ತಮಗೇ ಗೊತ್ತಿದೆ, ಮತ್ತೆ ನನ್ನ ಬಾಯಿಂದ ಯಾಕೆ.

ಆಮೇಲಿನ ನನ್ನ ಪಾಡನ್ನು ಏನೆಂದು ಬಣ್ಣಿಸಲಿ? ಸೋಮವಾರ ಬಸವಣ್ಣನ ದಿನ. ನಮ್ಮ ಸೀಮೆಯಲ್ಲಿ ಅವತ್ತು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲವಾದ್ದರಿಂದ ಹಳ್ಳಿಯ ಗಾಡಿಗಳು ಬರುವುದಿಲ್ಲ, ಮಂಡಿಯಲ್ಲಿ ಜಗಳವಿಲ್ಲ, ನಾನೂ ಪೂಜೆ ಮುಗಿಸಿ ತಣ್ಣಗೆ ಕೂತಿರುತ್ತೇನೆ. ಇಷ್ಟು ವರ್ಷ ಈ ರಹಸ್ಯ ನನಗೂ ಶಿವನಿಗೂ ಮಾತ್ರ ತಿಳಿದಿತ್ತು. ತಾವು ಅದನ್ನು ಗೋಡೆಗೆ ಏರಿಸಿದ ಮೇಲೆ ಊರಿಗೆ ಊರೇ ಸೋಮವಾರ ನಮ್ಮ ಜಗಲಿ ಮೇಲೆ. ಮಠದ ಚಂದಾದವರು, ಭಜನೆ ಸಂಘದವರು, ರಜ ಬೇಡುವ ಹಮಾಲಿಗಳು, ತಮ್ಮ ಅಳಿಯನಿಗೆ ಕೆಲಸ ಕೊಡಿಸೆನ್ನುವ ನೆಂಟರು, ಒಬ್ಬರೇ ಇಬ್ಬರೇ! ಮಿಕ್ಕ ದಿನ ರಸ್ತೆಯಲ್ಲಿ ಸಿಕ್ಕವರು, 'ಇವತ್ತು ಬ್ಯಾಡ ಬಿಡ್ರಿ ಯಜಮಾನ್ರ, ಸೋಮಾರ ಬರ್ತೀನಿ' ಎಂದು ನಕ್ಕು ಹೋಗುವರು. ಇಷ್ಟು ಜನ ಮುತ್ತಿಕೊಂಡರೆ ಯಾವ ಸಾಧು ತಾನೇ ತಣ್ಣಗಿದ್ದಾನು? ನನ್ನ ಸೋಮವಾರವೂ ಕೆಟ್ಟಿತು. ಗೆರೆಯನ್ನು ನೋಡಿ ಜನ ಬಂದರು, ಜನ ಬಂದದ್ದಕ್ಕೆ ಗೆರೆ ಏರಿತು. ಅಂಜಿನಪ್ಪ ಮೇಷ್ಟ್ರು ಇದನ್ನೂ ಬಿಡದೆ, ಅಂಕಿಅಂಶ ಪ್ರಕಟಿಸಿದರೆ ಅಂಕಿಅಂಶವೇ ಬದಲಾಗುತ್ತದೆಂದು ಹೊಸದೊಂದು ಪಾಠ ಮಾಡಿದರಂತೆ. ಹುಡುಗಿಯರಿಗೆ ಎಲ್ಲ ಅರ್ಥವಾಯಿತಂತೆ. ಮಳೆಯಿಂದಲೂ ಉಕ್ಕಿನಿಂದಲೂ ಕಲಿಯದವರು ನನ್ನ ಸಿಟ್ಟಿನಿಂದ ಕಲಿತು ಇಡೀ ತರಗತಿ ಗಣಿತದಲ್ಲಿ ಪಾಸಾಯಿತು. ಈ ವಿದ್ಯಾದಾನದ ಪುಣ್ಯದಲ್ಲಿ ನನಗೆ ಬರಬೇಕಾದ ಪಾಲನ್ನು ತಾವು ಇನ್ನೂ ತಲುಪಿಸಿಲ್ಲವೆಂಬುದನ್ನು ಈ ಮೂಲಕ ತಮ್ಮ ಗಮನಕ್ಕೆ ತರುತ್ತಿದ್ದೇನೆ.

ತಮ್ಮನ್ನು ತಕ್ಷಣ ನನ್ನ ವಶಕ್ಕೆ ಒಪ್ಪಿಸಬೇಕೆಂದು ಹೇಳಿಕಳಿಸಿದೆ. ಮೇಷ್ಟ್ರೇ ತಮ್ಮನ್ನು ಸುರುಳಿ ಸುತ್ತಿ, ಸೈಕಲ್ಲಿಗೆ ಕಟ್ಟಿ ತಂದರು. ಬೈಯಬೇಕೆಂದು ಬಾಯಿ ತೆರೆದರೆ ಅವರು ಕೈಮುಗಿದು, 'ಯಜಮಾನ್ರ, ಮ್ಯಾಲಿನ ಚುಕ್ಕೆ ನೋಡಿ ಬ್ಯಾಸರ ಮಾಡ್ಕೋಬ್ಯಾಡ್ರಿ, ಸರಾಸರಿ ತೆಗೆದ್ರೆ ನೀವು ಹಿತ್ತಲು ದಾಟಂಗಿಲ್ಲ, ಸರಾಸರಿಯಾಗ ಭಾಳ ಒಳ್ಳೆ ಮನುಷ್ಯ' ಎಂದು ಸಮಾಧಾನ ಹೇಳಿದರು. ಹೆತ್ತ ತಾಯಿಯಿಂದಲೂ ಇಂಥ ಪ್ರಶಸ್ತಿ ನನಗೆ ಸಿಕ್ಕಿರಲಿಲ್ಲ.

ಅವರು ಹೋದ ಮೇಲೆ ಕನ್ನಡಕ ಹಾಕಿಕೊಂಡು ತಮ್ಮನ್ನು ಮೊದಲ ಸಲ ಸರಿಯಾಗಿ ನೋಡಿದೆ. ಚುಕ್ಕೆಗಳೆಲ್ಲ ನೀಲಿ ಮಸಿಯವು. ನಡುವೆ ಒಂದು ವಾರದ್ದು ಮಾತ್ರ ಕೆಂಪು, ಅದೂ ಮಸಿಯಲ್ಲ, ಕುಂಕುಮ. ವಾರ್ಷಿಕೋತ್ಸವಕ್ಕೆ ಬಲು ಮೊದಲೇ ಉಮಾ ಅಜ್ಜಿಯ ಜೊತೆ ಅಮಾವಾಸ್ಯೆಗೆಂದು ಉಕ್ಕಡಗಾತ್ರಿ ಕ್ಷೇತ್ರಕ್ಕೆ ಹೋಗಿ ಒಂದು ವಾರ ಅಲ್ಲೇ ಉಳಿದಿದ್ದಳು. ಆ ವಾರದ ಚುಕ್ಕೆ ಬಿಟ್ಟುಹೋಗಬಾರದೆಂದು, ಓದುಬರಹ ಬಾರದ ಮರುಳಸಿದ್ದಮ್ಮ ದಿನವೂ ದೀಪ ಹಚ್ಚುವಾಗ ಕುಂಕುಮದ ಬೆರಳನ್ನು ತಮ್ಮ ಮೈಮೇಲೆ ಊರಿದ್ದಳು. ಗೃಹಲಕ್ಷ್ಮಿಯೂ ಶಾಮೀಲು! ಮೈಯೆಲ್ಲ ಉರಿದುಹೋಯಿತು. ಕೂಗಬೇಕೆಂದು ಎದ್ದವನು ಹಾಗೆಯೇ ನಿಂತೆ, ಯಾಕೆಂದರೆ ಆ ಕೆಂಪು ಚುಕ್ಕೆಗಳೆಲ್ಲ ಮೇಲೆಯೇ ಇದ್ದವು, ಎದುರುಸಾಲಿನ ಮಂಡಿಗಿಂತ ಕೆಳಗೆ ಒಂದೂ ಇಳಿದಿರಲಿಲ್ಲ. ಅದರಲ್ಲಿ ಸೋಮವಾರವೂ ಒಂದು. ಆ ಸೋಮವಾರವೂ ಗಾಡಿ ಬಂದಿರಲಿಲ್ಲ, ಜಗಳವಿರಲಿಲ್ಲ, ಪೂಜೆಯನ್ನೂ ಬಿಟ್ಟಿರಲಿಲ್ಲ. ಇರದಿದ್ದವಳು ಉಮಾ ಒಬ್ಬಳೇ. ಸೋಮವಾರ ಶಾಲೆ ಬಿಟ್ಟು ಬಂದ ಮೇಲೆ ಅವಳು ನನಗೆ ಪೇಪರು ಓದಿ ಹೇಳುತ್ತಾಳೆ, ನಾನು ತಪ್ಪು ಹೇಳಿದರೆ ತಿದ್ದುತ್ತಾಳೆ, ನಾನು ವಾದಿಸುತ್ತೇನೆ, ಸೋಲುತ್ತೇನೆ. ತಣ್ಣಗಿರುವುದು ಗಾಡಿ ಬಾರದ್ದಕ್ಕೆಂದು ನಾನು ನಂಬಿದ್ದದ್ದು ಸುಳ್ಳೆಂದು ತಾವು ಒಂದೇ ಒಂದು ಕೆಂಪು ಚುಕ್ಕೆಯಲ್ಲಿ ತೋರಿಸಿಕೊಟ್ಟಿರಿ. ಸುಳ್ಳೇಕೆ ಹೇಳಲಿ, ಕೂಗಲೆಂದು ತೆರೆದ ಬಾಯಿಂದ 'ಉಮಾ' ಎಂದಷ್ಟೇ ಹೊರಟಿತು. ಅದೂ ನಡುಮನೆ ದಾಟಲಿಲ್ಲ.

ಆದರೂ ನಾನು ಬುದ್ಧಿ ಕಲಿತೆನೆಂದು ತಾವು ಬೀಗಬೇಕಾಗಿಲ್ಲ. ಕಾಲೇಜಿಗೆ ಸೇರಬೇಕೆಂದು ಉಮಾ ಕೇಳಿದಾಗ, ಅದೂ ಸೋಮವಾರವೇ ನೋಡಿ ಕೇಳಿದಾಗ, ಹೆಣ್ಣುಮಕ್ಕಳಿಗೆ ಇಷ್ಟು ಸಾಕೆಂದಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಯಜಮಾನಿಕೆ ಏನಾಯಿತು? ಹರಿಹರದ ಕರಿಬಸವರಾಜಪ್ಪನವರ ಮನೆಯವರ ಜೊತೆ ಲಗ್ನದ ಮಾತು ಆಡಿ ಆಗಿತ್ತು. ಹರಿಹರ ಏನು ಪರದೇಶವೇ, ರೈಲಿನಲ್ಲಿ ಕೂತು ಎಲೆಅಡಿಕೆ ಅಗಿದು ಮುಗಿಸುವಷ್ಟರಲ್ಲಿ ಬರುತ್ತದೆಂದು ನನಗೆ ನಾನೇ ಹೇಳಿಕೊಂಡೆ. ಹೆಣ್ಣು ನೋಡಲು ಬರುವವರೆದುರು ನನ್ನ ದನಿ ಏರಬಾರದೆಂದು, ಎಷ್ಟೇ ಕೆಟ್ಟಿದ್ದರೂ ಸೋಮವಾರವೇ ವಾಸಿಯೆಂದು ಲೆಕ್ಕ ಹಾಕಿ, ಸೋಮವಾರ ಬರಲು ಹೇಳಿಕಳಿಸೆಂದು ಮರುಳಸಿದ್ದಮ್ಮನಿಗೆ ತಿಳಿಸಿದೆ.

ಅವರು ಬಂದದ್ದು ಶನಿವಾರ. ಶನಿವಾರವೆಂದರೆ ಸುತ್ತಲ ಹಳ್ಳಿಯ ಗಾಡಿಗಳೆಲ್ಲ ಒಟ್ಟಿಗೆ ಬಂದು, ತೂಕದವನೊಂದು ಹೇಳಿ, ಚೀಲದವನೊಂದು ಹೇಳಿ, ನನ್ನ ನೆತ್ತಿ ಬೆಳಿಗ್ಗೆಯೇ ಕಾದು ಕೆಂಪಾಗುವ ದಿನ. ದಿನ ತಪ್ಪಿ ಬಂದಿದ್ದಾರೆ, ಪಾಪ, ಎಂದು ಹಲ್ಲು ಕಚ್ಚಿಕೊಂಡು ಉಪಚರಿಸಿದೆ. ಉಪ್ಪಿಟ್ಟು ಮುಗಿಯಿತು, ಕಾಫಿ ಮುಗಿಯಿತು. ಕರಿಬಸವರಾಜಪ್ಪನವರು ಕೈ ಒರೆಸಿಕೊಳ್ಳುತ್ತ, ಪರೀಕ್ಷೆಗೆ ಮೊದಲೇ ಲಗ್ನ ಮುಗಿಸಿಬಿಡೋಣ, 'ಪರೀಕ್ಷೆ ಗಿರೀಕ್ಷೆ ಯಾಕ್ರಿ, ನಮ್ಮನೆಯಾಗ ಲೆಕ್ಕ ಬರೆಯೋಕೆ ಗುಮಾಸ್ತ ಅದಾನೆ' ಎಂದರು. ಹಲ್ಲು ಕಚ್ಚಿಕೊಂಡೇ ಇದ್ದೆ. ಆಮೇಲೆ ಮೂಲೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ತಮ್ಮನ್ನು ಎತ್ತಿ ಬಿಚ್ಚಿ ನೋಡಿ ನಕ್ಕು, 'ಓಹೋ, ಊರೆಲ್ಲ ನಗಾಡಿದ್ದು ಇದೇನಾ? ಈ ಹುಚ್ಚು ಗೀಚಾಟ ಎಲ್ಲ ಒಲೆಗೆ ಹಾಕಿ ಹುಡುಗೀನ ಕಳಿಸ್ರಿ' ಎಂದರು. ಬಾಗಿಲ ಮರೆಯಲ್ಲಿ ಉಮಾ ನಿಂತಿದ್ದಳು. ತಲೆ ತಗ್ಗಿಸಿರಲಿಲ್ಲ, ಅಳುತ್ತಲೂ ಇರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಮಾನ್ಯರೇ, ತಮ್ಮನ್ನು ಒಲೆಗೆ ಹಾಕಬೇಕೆಂದು ಅದಕ್ಕೆ ಮೊದಲು ನಾನೇ ಹತ್ತು ಸಲ ಅಂದುಕೊಂಡವನು. ಆದರೆ ಅದು ನನ್ನ ಮನೆಯ ಕಾಗದ, ನನ್ನ ಸಿಟ್ಟು, ನನ್ನ ಮಗಳ ಕೈಬರಹ. ಹರಿಹರದವರು ಯಾರು ಒಲೆಗೆ ಹಾಕಲು? 'ಏನಂದ್ರೀ? ಹುಚ್ಚು ಗೀಚಾಟ? ನನ್ನ ಮಗಳು ಹಾಕಿದ ಚುಕ್ಕೆಯಾಗ ಒಂದಾದ್ರೂ ತಪ್ಪೈತಾ ತೋರಿಸ್ರಿ ನೋಡೋಣ! ನಾನು ಅಂಥಾ ಮನುಷ್ಯನೇ! ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಮ್ಮಿ ಇಲ್ಲ! ಅವಳು ಪರೀಕ್ಷೆ ಬರೀತಾಳೆ, ಕಾಲೇಜಿಗೂ ಹೋಗ್ತಾಳೆ, ಯಾವನು ಬ್ಯಾಡ ಅಂತಾನೋ ಬರ್ಲಿ!' ಎಂದು ಕೂಗಿದೆನಂತೆ. ಅಂತೆ ಎನ್ನುವುದೇಕೆಂದರೆ ನನಗೆ ಏನೂ ನೆನಪಿಲ್ಲ. ಎದುರುಸಾಲಿನ ಮಂಡಿಯವರೆಲ್ಲ ರಸ್ತೆಗೆ ಬಂದು ನಿಂತಿದ್ದರು. ಯಾವುದೋ ರೈಲು ಕೂಗಿಕೊಂಡು ಬರುತ್ತಿದೆಯೆಂದು ತಿಳಿದು ಗೇಟಿನವನು ಗೇಟು ಹಾಕಿಬಿಟ್ಟಿದ್ದನು. ಅದನ್ನು ತೆಗೆಸಿಕೊಂಡು ಹರಿಹರದವರು ಊರು ಸೇರುವಷ್ಟರಲ್ಲಿ ಕತ್ತಲಾಯಿತಂತೆ.

ಅಷ್ಟು ಜನರ ಕಿವಿಗೆ ಬಿದ್ದ ಮಾತನ್ನು ಯಾರು ತಾನೇ ನುಂಗಿಕೊಳ್ಳಲು ಸಾಧ್ಯ? ಮಾರನೆಯ ದಿನ ಬೆಳಿಗ್ಗೆ ಹಾಲಿನವನಿಂದ ಹಿಡಿದು ಕ್ಷೌರದವನವರೆಗೆ ಎಲ್ಲರೂ, 'ಭಾಳ ಚಲೋ ಕೆಲಸ ಮಾಡಿದ್ರಿ, ಮಗಳನ್ನ ಕಾಲೇಜಿಗೆ ಕಳಿಸ್ತೀರಂತಲ್ಲ' ಎಂದು ಕೈಮುಗಿದರು. ನಾನೂ ಹುಂ ಎಂದು ಮೀಸೆ ತಿರುವಿದೆ, ಬೇರೆ ದಾರಿ ಏನಿತ್ತು. ಮರುಳಸಿದ್ದಮ್ಮ ತಮ್ಮ ಸುರುಳಿ ಬಿಚ್ಚಿ ನಡುಮನೆಯ ಗೋಡೆಗೆ ಮೊಳೆ ಹೊಡೆಸಿದ್ದೂ ಅವತ್ತೇ. ಉಮಾ ಪರೀಕ್ಷೆ ಬರೆದಳು, ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಮೊನ್ನೆ ನಾನೇ ಜೊತೆಗೆ ಹೋಗಿ ಕಾಲೇಜಿಗೆ ಸೇರಿಸಿ ಬಂದೆ. ಅರ್ಜಿಯಲ್ಲಿ ಯಾವ ವಿಷಯವೆಂದು ಕೇಳಿದ ಕಡೆ ಅವಳು ಸಂಖ್ಯಾಶಾಸ್ತ್ರವೆಂದು ಬರೆದಳು. ಅವಳು ಬರೆಯುತ್ತಿದ್ದಾಗ ನನ್ನ ಎದೆ ಹಿಗ್ಗಿದ್ದನ್ನು ಅಳೆಯುವ ಕಾಗದ ತಮ್ಮ ವಂಶದಲ್ಲಿ ಇದ್ದರೆ ದಯವಿಟ್ಟು ಕಳಿಸಿಕೊಡಿ.

ಅವತ್ತು ರಾತ್ರಿ ಊಟಕ್ಕೆ ಕೂತಾಗ, ಹರಿಹರದವರಿಗೆ ನಾನು ಹೇಳಿದ್ದು ಸೋಮವಾರವಲ್ಲವೇ, ಅವರು ಶನಿವಾರ ಯಾಕೆ ಬಂದರೆಂದು ಮರುಳಸಿದ್ದಮ್ಮನನ್ನು ಕೇಳಿದೆ. ಅವಳು ರೊಟ್ಟಿ ಬಡಿಸುತ್ತ, ತಮ್ಮ ಕಡೆಗೊಮ್ಮೆ ನೋಡಿ, 'ಶನಿವಾರ ಬರ್ರಿ ಅಂತ ಹೇಳಿಕಳಿಸಿದವಳು ನಾನೇ ರೀ. ನಿಮ್ಮ ಸಿಟ್ಟೆಲ್ಲ ಇಷ್ಟು ವರ್ಷ ನಮ್ಮ ಮ್ಯಾಲೇ ಖರ್ಚಾತು, ಒಂದು ದಿನನಾರ ನಮ್ಮ ಕೆಲಸಕ್ಕೆ ಬರ್ಲಿ ಅಂತ ಮಾಡಿದೆ' ಎಂದಳು. ಉಮಾ ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಇಂತಿರುವಲ್ಲಿ, ತಾವು ನನ್ನ ಕೆಲವು ಬೇಡಿಕೆಗಳನ್ನು ಪರಾಂಬರಿಸಬೇಕೆಂದು ಪ್ರಾರ್ಥಿಸುತ್ತೇನೆ. ಗೀಟುಗಳ ಪ್ರಮಾಣವನ್ನು ಬದಲಿಸಿದರೆ ಗುಡ್ಡವೂ ಬಯಲಿನಂತೆ ಕಾಣುತ್ತದೆಂದು ಮಗಳು ಹೇಳಿದ್ದಾಳಾದ್ದರಿಂದ, ಎಲ್ಲಕ್ಕೂ ಮೇಲಿನ ಗೀಟಿಗೆ ರೈಲ್ವೆ ಗೇಟಿನ ಬದಲು ಬೆಂಗಳೂರೆಂದು ಹೆಸರಿಟ್ಟುಕೊಂಡು ನನ್ನನ್ನು ಸಾಧುವನ್ನಾಗಿ ತೋರಿಸುವ ಕೃಪೆ ಮಾಡಬೇಕು. ಅದಾಗದಿದ್ದರೆ ನೆಂಟರು ಬಂದಾಗಲಾದರೂ ತಲೆಕೆಳಗಾಗಿ ತೂಗಬೇಕು. ಅದೂ ಆಗದಿದ್ದರೆ ಬೇಡ, ಇದ್ದಲ್ಲೇ ಇರಿ. ತಮ್ಮನ್ನು ಕಿತ್ತುಹಾಕುವ ಧೈರ್ಯ ನನಗಿಲ್ಲ, ಮನಸ್ಸೂ ಇಲ್ಲ.

ಸರಾಸರಿಯಲ್ಲಿ ಮಾತ್ರ ತಮ್ಮ ವಿಶ್ವಾಸಿಯಾದ,
ಮುರುಗೇಶಪ್ಪ
ಶೇಂಗಾ ಮಂಡಿ, ದಾವಣಗೆರೆ

ತಾ.ಕ.: ತಮ್ಮ ಏಜೆಂಟರಾದ ಅಂಜಿನಪ್ಪ ಮೇಷ್ಟ್ರಿಗೆ ಒಂದು ಮಾತು ಮುಟ್ಟಿಸಬೇಕು. ನಿನ್ನೆ ಮರುಳಸಿದ್ದಮ್ಮ ಅಂಗಡಿಗೆ ಹೋಗಿ ಒಂದು ಕಟ್ಟು ಗ್ರಾಫ್ ಕಾಗದ ಕೊಂಡು, ನಮ್ಮ ಬೀದಿಯ ಹೆಂಗಸರಿಗೆಲ್ಲ ಮನೆಗೊಂದರಂತೆ ಹಂಚಿ, ಚುಕ್ಕೆ ಇಡುವುದು ಹೇಗೆಂದು ಹೇಳಿಕೊಟ್ಟು ಬಂದಿದ್ದಾಳೆ. ಮೊದಲನೆಯ ಕಾಗದ ಇಸಿದುಕೊಂಡವರು ಮೇಷ್ಟ್ರ ಧರ್ಮಪತ್ನಿ ತಿಪ್ಪಮ್ಮನವರಂತೆ. ಅವರು ಒಂದು ಸಾಲದೆಂದು ಎರಡು ಕೇಳಿ ಪಡೆದಿದ್ದಾರೆ.